ಗೇಟಿನಲ್ಲಿ ನನ್ನನ್ನೇ ತಡೆದ ಶಾಲೆ

ಮಗಳು ಈ ವರ್ಷ ಐದನೇ ತರಗತಿ ಮುಗಿಸಿದಳು. ಐದು ವರ್ಷವೂ ಒಂದೇ ಶಾಲೆ, ಸಿಸ್ಟರುಗಳು ನಡೆಸುವ ಕಥೋಲಿಕ ಪ್ರಾಥಮಿಕ ಶಾಲೆ. ಹೆಸರು ಬರೆಯುತ್ತಿಲ್ಲ, ಯಾಕೆಂದರೆ ಮುಂದೆ ಒಂದು ದೂರು ಬರುತ್ತದೆ. ಇಂಥ ಶಾಲೆಗೆ ಮಗುವನ್ನು ಹಾಕೋಣವೋ ಬೇಡವೋ ಎಂದು ತೂಗಿ ನೋಡುತ್ತಿರುವವರಿಗೆ ಉಪಯೋಗವಾದೀತು. ನಾನು ಕೊಡುವುದು ಐದಕ್ಕೆ ನಾಲ್ಕು.

ಮೊದಲೇ ಹೇಳಿಬಿಡುತ್ತೇನೆ. ನನ್ನ ಗಂಡ ಕಥೋಲಿಕ, ನಾನಲ್ಲ. ಮದುವೆಯಾದ ಮೇಲೂ ಕ್ರೈಸ್ತಳಾಗುವ ದೀಕ್ಷಾಸ್ನಾನ ತೆಗೆದುಕೊಂಡಿಲ್ಲ. ಮಗಳನ್ನು ಅಲ್ಲಿಗೆ ಸೇರಿಸುವಾಗ ಅತ್ತೆಗೆ ಖುಷಿ, ನನಗೆ ಒಳಗೊಳಗೇ ಅನುಮಾನ. ಬೆಳಗಿನಿಂದ ಸಂಜೆಯ ತನಕ ಬರೀ ಪ್ರಾರ್ಥನೆಯೇ ಇರುತ್ತದೇನೋ, ನನ್ನನ್ನು ಹೊರಗಿನವಳ ಹಾಗೆ ನೋಡುತ್ತಾರೇನೋ ಅಂತ.

ಸೇರಿಸುವ ದಿನ ಹೆಡ್ ಮಿಸ್ಟ್ರೆಸ್ ಸಿಸ್ಟರ್ ನನ್ನ ಧರ್ಮದ ಬಗ್ಗೆ ಏನೂ ಕೇಳಲಿಲ್ಲ. ಕೇಳಿದ್ದು ಒಂದು ವಿಚಿತ್ರ ಪ್ರಶ್ನೆ. "ಮಗು ಹೆದರಿದಾಗ ಏನು ಮಾಡುತ್ತದೆ?" ಗಂಡ ನನ್ನ ಮುಖ ನೋಡಿದರು. "ಅಳಲ್ಲ ಸಿಸ್ಟರ್, ಮಾತು ನಿಲ್ಲಿಸಿಬಿಡುತ್ತಾಳೆ" ಎಂದೆ. ಅವರು ಅದನ್ನು ಅರ್ಜಿಯ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದುಕೊಂಡರು. ಆ ಪೆನ್ಸಿಲ್ ಗೆರೆಯ ವಿಷಯಕ್ಕೆ ಮತ್ತೆ ಬರುತ್ತೇನೆ.

ಈಗ ಗೇಟಿನ ಕಥೆ. ಸಾಮಾನ್ಯವಾಗಿ ಮಗಳನ್ನು ಕರೆತರುವುದು ಗಂಡ ಅಥವಾ ಅತ್ತೆ. ಶಾಲೆಯಲ್ಲಿ ಪ್ರತಿ ಮಗುವಿಗೂ ಒಂದು ಕಾರ್ಡು, ಅದರಲ್ಲಿ ಯಾರು ಕರೆದುಕೊಂಡು ಹೋಗಬಹುದೋ ಅವರ ಫೋಟೋ. ನನ್ನ ಫೋಟೋ ಕೊಡಿ ಎಂದು ಡೈರಿಯಲ್ಲಿ ಎರಡು ಸಲ ಬರೆದು ಕಳಿಸಿದ್ದರು. ಕೊಟ್ಟರಾಯಿತು ಎಂದು ಸುಮ್ನಿದ್ದೆ. ಒಂದು ಮಧ್ಯಾಹ್ನ ಕೆಲಸ ಬೇಗ ಮುಗಿಯಿತು, ನಾನೇ ಹೋದೆ. ಮಗಳು ದೂರದಿಂದಲೇ "ಅಮ್ಮಾ" ಎಂದು ಕೂಗಿಕೊಂಡು ಓಡಿ ಬಂದಳು. ಗೇಟಿನ ಹತ್ತಿರ ಇದ್ದ ಆಯಾ ಅವಳ ಕೈ ಹಿಡಿದು ನಿಲ್ಲಿಸಿದರು. "ಫೋಟೋ ಇಲ್ಲ ಮೇಡಂ, ಬಿಡೋಕಾಗಲ್ಲ."

ಗಂಡನಿಗೆ ಫೋನ್ ಮಾಡಿದರು, ಸಿಗಲಿಲ್ಲ. ಅತ್ತೆ ಫೋನನ್ನು ಎಲ್ಲೋ ಇಟ್ಟಿದ್ದರು. ಇಪ್ಪತ್ತು ನಿಮಿಷ ಗೇಟಿನ ಈಚೆ ನಾನು, ಆಚೆ ನನ್ನ ಮಗಳು. ಬೇರೆ ತಾಯಂದಿರು ನನ್ನನ್ನು ನೋಡುತ್ತಾ ಹೋದರು. ಎಂಥ ಅವಮಾನ ಅನ್ನಿಸಿತು ಗೊತ್ತಾ? ಸಿಸ್ಟರ್ ಬಂದ ಕೂಡಲೇ ರೇಗಿದೆ. "ಮಗು ಅಮ್ಮಾ ಅಂತ ಓಡಿ ಬಂದದ್ದು ಸಾಲದಾ ನಿಮಗೆ?"

ಅವರು ದನಿ ಏರಿಸಲಿಲ್ಲ. "ಮಗು ಓಡಿ ಹೋಗೋದು ಗೊತ್ತಿರೋರ ಹತ್ತಿರಾನೇ ಅಮ್ಮಾ. ಅದಕ್ಕೇ ಈ ಕಾರ್ಡು."

ಆಗ ಅರ್ಥವಾಗಲಿಲ್ಲ. ಮನೆಗೆ ಬಂದು, ಸಿಟ್ಟಿಳಿದು, ಮಲಗುವ ಹೊತ್ತಿಗೆ ಅರ್ಥವಾಯಿತು. ಮಕ್ಕಳಿಗೆ ಕೇಡು ಮಾಡುವವರು ಬಹುತೇಕ ಪರಿಚಯದವರೇ ತಾನೆ? ಮರುದಿನ ಬೆಳಿಗ್ಗೆ ಫೋಟೋ ಕಳಿಸಿದೆ.

ಕಥೋಲಿಕ ಶಾಲೆ ಅಂದಾಗ ಈ ವಿಷಯದಲ್ಲಿ ಒಂದು ಅಳುಕು ಇದ್ದೇ ಇರುತ್ತದೆ, ಅದನ್ನು ಮುಚ್ಚಿಡುವುದು ಬೇಡ. ಚರ್ಚಿನ ಒಳಗೆ ಮಕ್ಕಳ ಮೇಲೆ ನಡೆದ ದೌರ್ಜನ್ಯ, ಅದನ್ನು ಮುಚ್ಚಿಹಾಕಿದ ಮೇಲಿನವರು, ಇದೆಲ್ಲ ಪತ್ರಿಕೆಗಳಲ್ಲಿ ಓದಿದವಳು ನಾನು. ಪೋಪ್ ಫ್ರಾನ್ಸಿಸ್ 2014ರಲ್ಲಿ ಮಕ್ಕಳ ರಕ್ಷಣೆಗೆಂದೇ ಒಂದು ಆಯೋಗ ಮಾಡಿದರು. 2019ರ ನಿಯಮದಲ್ಲಿ ಇಂಥ ವಿಷಯ ತಿಳಿದುಬಂದ ಪಾದ್ರಿಗಳು, ಸಿಸ್ಟರುಗಳು ಮೇಲಿನವರಿಗೆ ವರದಿ ಮಾಡಲೇಬೇಕು ಎಂದರು. ಪ್ರತಿ ಧರ್ಮಪ್ರಾಂತ್ಯದಲ್ಲೂ, ಅಂದರೆ ಒಬ್ಬ ಬಿಷಪ್ಪರ ಆಡಳಿತದ ಪ್ರದೇಶದಲ್ಲೂ, ದೂರು ಕೊಡಲು ಜನರಿಗೆ ಸುಲಭವಾಗಿ ಸಿಗುವ ವ್ಯವಸ್ಥೆ ಇರಬೇಕು ಎಂದೂ ಹೇಳಿದರು. ಆದರೆ ರೋಮಿನಲ್ಲಿ ಬರೆದದ್ದು ಒಂದನೇ ತರಗತಿಯ ಬಾಗಿಲ ತನಕ ಬಂದಿದೆಯೋ ಇಲ್ಲವೋ, ನನಗೆ ಬೇಕಿದ್ದದ್ದು ಅದು.

ಬಂದಿತ್ತು. ತರಗತಿಯ ಬಾಗಿಲುಗಳಿಗೆಲ್ಲ ನಡುವೆ ಗಾಜು. ಟೀಚರ್ ಒಬ್ಬ ಮಗುವಿನ ಜೊತೆ ಮಾತಾಡಬೇಕಾದರೆ ಬಾಗಿಲು ತೆರೆದೇ ಇರುತ್ತದೆ. ಮಕ್ಕಳ ಶೌಚಾಲಯಕ್ಕೆ ದೊಡ್ಡವರು ಹೋಗುವ ಹಾಗಿಲ್ಲ, ದೊಡ್ಡವರದ್ದು ಬೇರೆ. ನಲ್ಲಿ ರಿಪೇರಿಗೆ ಬಂದವರಿಗೂ ಕೊರಳಲ್ಲಿ ಬ್ಯಾಡ್ಜು, ಜೊತೆಗೆ ಶಾಲೆಯವರು ಒಬ್ಬರು. ಮಗಳ ಮೊದಲ ಪಾಪ ನಿವೇದನೆಯ ದಿನ, ಅಂದರೆ ತನ್ನ ತಪ್ಪುಗಳನ್ನು ಪಾದ್ರಿಗೆ ಗುಟ್ಟಾಗಿ ಹೇಳಿಕೊಳ್ಳುವ ದಿನ, ನಾನು ಬೇಕೆಂತಲೇ ಹೋಗಿ ಕೂತಿದ್ದೆ. ಮುಚ್ಚಿದ ಕೋಣೆ ಇರಲಿಲ್ಲ. ಶಾಲೆಯ ಪ್ರಾರ್ಥನಾ ಮಂದಿರದ ಮೂಲೆಯಲ್ಲಿ ಎರಡು ಕುರ್ಚಿ. ಫಾದರ್ ಮತ್ತು ಮಗು ಎಲ್ಲರಿಗೂ ಕಾಣುತ್ತಾರೆ, ಮಾತು ಮಾತ್ರ ಕೇಳಿಸುವುದಿಲ್ಲ. ಗುಟ್ಟು ಗುಟ್ಟಾಗಿಯೇ ಉಳಿಯಿತು, ಮಗು ಕಣ್ಣೆದುರೇ ಇತ್ತು.

ಇನ್ನೊಂದು ಪಾಠ ನನಗೆ ತುಂಬಾ ಹಿಡಿಸಿತು. ಎರಡನೇ ತರಗತಿಯಲ್ಲಿ ಗುಟ್ಟಿಗೂ ಸರ್‌ಪ್ರೈಸಿಗೂ ಏನು ವ್ಯತ್ಯಾಸ ಎಂದು ಹೇಳಿಕೊಟ್ಟರು. ಸರ್‌ಪ್ರೈಸ್ ಒಂದು ದಿನ ಎಲ್ಲರಿಗೂ ಗೊತ್ತಾಗುತ್ತದೆ, ಗೊತ್ತಾದಾಗ ಎಲ್ಲರಿಗೂ ಖುಷಿ. ಯಾರಿಗೂ ಯಾವತ್ತೂ ಹೇಳಬೇಡ ಎಂದು ದೊಡ್ಡವರು ಹೇಳಿದರೆ ಅದನ್ನು ಹೇಳಲೇಬೇಕು. ಮಗಳು ಮನೆಗೆ ಬಂದವಳೇ ಅಜ್ಜಿಯನ್ನು ಹಿಡಿದುಕೊಂಡಳು. "ನೀನು ಅಪ್ಪಂಗೆ ಹೇಳ್ಬೇಡ ಅಂತ ಚಾಕಲೇಟ್ ಕೊಡ್ತೀಯಲ್ಲ, ಅದು ಯಾವುದು?" ಅತ್ತೆ ಅವತ್ತಿನಿಂದ ಎಲ್ಲರೆದುರೇ ಚಾಕಲೇಟ್ ಕೊಡುತ್ತಾರೆ.

ಇನ್ನು ಪ್ರಾರ್ಥನೆ. ಇದೆ, ಆದರೆ ನಾನು ಹೆದರಿದಷ್ಟಿಲ್ಲ. ಬೆಳಿಗ್ಗೆ ಸ್ವಲ್ಪ, ಊಟಕ್ಕೆ ಮುಂಚೆ ಸ್ವಲ್ಪ, ಅಕ್ಟೋಬರಿನಲ್ಲಿ ಮಣಿ ಎಣಿಸುತ್ತಾ ಹೇಳುವ ಜಪಸರ. ಕ್ರಿಸ್ಮಸ್ಸಿಗೆ ಮುಂಚಿನ ಆಗಮನ ಕಾಲದಲ್ಲಿ ನಾಲ್ಕು ಮೇಣದಬತ್ತಿ, ಮೂರು ನೇರಳೆ, ಒಂದು ಗುಲಾಬಿ. ಆ ಗುಲಾಬಿ ಬತ್ತಿ ಹಚ್ಚುವ ಸರದಿ ತನಗೇ ಬರಬೇಕೆಂದು ಮಗಳು ಮೂರು ವರ್ಷ ಹಠ ಮಾಡಿದಳು. ಬೇರೆ ಧರ್ಮದ ಮಕ್ಕಳು ಧರ್ಮೋಪದೇಶದ ಹೊತ್ತಿನಲ್ಲಿ ನೀತಿಪಾಠಕ್ಕೆ ಹೋಗುತ್ತಾರೆ. ಯಾರನ್ನೂ ಒತ್ತಾಯಿಸಿ ಕಥೋಲಿಕರನ್ನಾಗಿ ಮಾಡುವ ಹಾಗಿಲ್ಲ ಎಂದು ಚರ್ಚಿನ ಕಾನೂನಿನಲ್ಲೇ ಬರೆದಿದೆ. ಇಲ್ಲಿ ಅದನ್ನು ಪಾಲಿಸುತ್ತಾರೆ.

ನನಗೆ ಹಿಡಿಸಿದ ಪ್ರಾರ್ಥನೆ ಕೊನೆಯ ಬೆಲ್ಲಿಗೆ ಮುಂಚಿನದು. ಎರಡೇ ನಿಮಿಷ. ಮಕ್ಕಳು ಕಣ್ಣು ಮುಚ್ಚಿ ಕೂರುತ್ತಾರೆ. ಇವತ್ತು ಏನು ಚೆನ್ನಾಗಿತ್ತು, ಎಲ್ಲಿ ತಪ್ಪು ಮಾಡಿದೆ, ನಾಳೆ ಏನು ಸರಿಮಾಡಲಿ. ಲೊಯೋಲಾದ ಸಂತ ಇಗ್ನೇಷಿಯಸ್ 16ನೇ ಶತಮಾನದಲ್ಲಿ ಹೇಳಿಕೊಟ್ಟ ಅಭ್ಯಾಸವಂತೆ. ಅದನ್ನೇ ಮಕ್ಕಳ ಅಳತೆಗೆ ಇಳಿಸಿದ್ದಾರೆ. ಮಕ್ಕಳಿಗೇನೋ ತಪ್ಪು ಒಪ್ಪಿಕೊಳ್ಳಿ ಎಂದು ಕಲಿಸುತ್ತಾರೆ, ಶಾಲೆ ತನ್ನ ತಪ್ಪು ಒಪ್ಪುತ್ತದಾ?

ಮೂರನೇ ತರಗತಿಯಲ್ಲಿ ಅದು ಗೊತ್ತಾಯಿತು. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಮಗಳು ಮೆಟ್ಟಿಲಿನಿಂದ ಬಿದ್ದಳು. ಮೊಣಕೈ ಊದಿತ್ತು. ಕ್ಲಾಸ್ ಟೀಚರ್ ರಜೆ, ಬದಲಿಗೆ ಬಂದ ಟೀಚರ್ ಹೊಸಬರು. "ನೋಯ್ತಾ ಇದೆಯಾ?" ಎಂದು ಕೇಳಿದ್ದಾರೆ. ಇವಳು ಬಾಯಿ ಬಿಟ್ಟಿಲ್ಲ. ಅಳುವುದಿಲ್ಲ, ಮಾತಾಡುವುದಿಲ್ಲ, ಸುಮ್ಮನೆ ಕೂತಿದ್ದಾಳೆ. ಏನೂ ಆಗಿಲ್ಲ ಅಂದುಕೊಂಡಿದ್ದಾರೆ. ನನಗೆ ಫೋನ್ ಬಂದದ್ದು ಮೂರು ಗಂಟೆಗೆ. ಎಕ್ಸ್‌ರೇ ತೆಗೆಸಿದರೆ ಸಣ್ಣ ಬಿರುಕು.

ಮರುದಿನ ಹೋದೆ. ಜಗಳಕ್ಕೆ ತಯಾರಾಗಿಯೇ ಹೋದೆ. "ಅವಳು ಹೆದರಿದರೆ ಮಾತು ನಿಲ್ಲಿಸುತ್ತಾಳೆ ಅಂತ ನಿಮಗೆ ಹೇಳಿದ್ದೆ ಸಿಸ್ಟರ್. ನೀವೇ ಬರೆದುಕೊಂಡಿದ್ದಿರಿ." ಅವರು ಎದ್ದು ಬೀರುವಿನಿಂದ ಆ ಅರ್ಜಿ ತೆಗೆದರು. ಪೆನ್ಸಿಲ್ ಗೆರೆ ಹಾಗೇ ಇತ್ತು. ಸ್ವಲ್ಪ ಹೊತ್ತು ಅದನ್ನೇ ನೋಡಿದರು. ಮಕ್ಕಳು ಬೀಳುವುದು ಸಹಜ, ಟೀಚರ್ ಹೊಸಬರು, ಇಂಥ ಮಾತು ಬರುತ್ತದೆ ಎಂದು ಕಾದಿದ್ದೆ. ಬರಲಿಲ್ಲ. "ಇದು ಈ ಬೀರುವಿನಲ್ಲಿ ಇದ್ದು ಏನು ಪ್ರಯೋಜನ? ತಪ್ಪು ನನ್ನದು" ಎಂದರು.

ಕೈಗೆ ಪಟ್ಟಿ ಕಟ್ಟಿಕೊಂಡು ಮಗಳು ಶಾಲೆಗೆ ಹೋದ ದಿನ ಕೊನೆಯ ಬೆಲ್ಲಿನ ಹೊತ್ತಿಗೆ ಸಿಸ್ಟರ್ ತರಗತಿಗೆ ಬಂದರಂತೆ. ಎರಡು ನಿಮಿಷ ಮಕ್ಕಳ ಜೊತೆ ಕೂತರಂತೆ. ಆಮೇಲೆ ಮಗಳಿಗೆ, ಎಲ್ಲರೆದುರು, ಕ್ಷಮಿಸು ಎಂದರಂತೆ. ಮಗಳು ಮನೆಗೆ ಬಂದು ಹೇಳಿದ್ದಿಷ್ಟೇ: "ಅಮ್ಮಾ, ಸಿಸ್ಟರ್‌ಗೂ ತಪ್ಪಾಗತ್ತೆ."

ತಿಂಗಳೊಳಗೆ ಪ್ರತಿ ಹಾಜರಿ ಪುಸ್ತಕದ ಹಿಂದೆ ಒಂದು ಹಾಳೆ ಬಂತು. ಮಗುವಿನ ಹೆಸರು, ಎದುರಿಗೆ ಹೆದರಿದಾಗ ಏನು ಮಾಡುತ್ತದೆ, ಯಾವ ಔಷಧ ಆಗುವುದಿಲ್ಲ, ಮೊದಲು ಯಾರಿಗೆ ಫೋನ್ ಮಾಡಬೇಕು. ಬದಲಿ ಟೀಚರ್ ಮೊದಲು ಅದನ್ನು ಓದಿ ಸಹಿ ಹಾಕಬೇಕು. ತಲೆಗೋ ಕೈಕಾಲಿಗೋ ಪೆಟ್ಟಾದರೆ ಮಗು ಏನೇ ಹೇಳಲಿ, ಹೇಳದೇ ಇರಲಿ, ಮನೆಗೆ ಫೋನ್.

ಹಾಗಾದರೆ ಒಂದು ಅಂಕ ಎಲ್ಲಿ ಹೋಯಿತು? ಪೋಷಕರ ಸಭೆಗೆ. ಮಕ್ಕಳ ಮೊದಲ ಗುರುಗಳು ತಂದೆ ತಾಯಿ ಎಂದು ಕಥೋಲಿಕ ಬಿಷಪ್ಪರೆಲ್ಲ ಸೇರಿದ ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲೇ ಹೇಳಿದೆ. ಶಾಲೆಯ ಪ್ರತಿ ಸರ್ಕ್ಯುಲರಿನಲ್ಲೂ ಆ ಮಾತು ಇರುತ್ತದೆ. 1983ರ ಚರ್ಚ್ ಕಾನೂನು ಇನ್ನೂ ಮುಂದೆ ಹೋಗಿ, ಟೀಚರುಗಳು ಪೋಷಕರ ಮಾತಿಗೆ ಮನಸ್ಸಿಟ್ಟು ಕಿವಿಗೊಡಬೇಕು, ಪೋಷಕರ ಸಭೆಗಳಿಗೆ ಬೆಲೆ ಕೊಡಬೇಕು ಎನ್ನುತ್ತದೆ. ಸರಿ. ಆದರೆ ಸಭೆ ಇಡುವುದು ವಾರದ ಮಧ್ಯೆ, ಬೆಳಿಗ್ಗೆ ಹನ್ನೊಂದಕ್ಕೆ! ದುಡಿಯುವವರು ಹೇಗೆ ಬರಬೇಕು? ಬಂದರೂ ಮುಕ್ಕಾಲು ಪಾಲು ಸಮಯ ವಾರ್ಷಿಕೋತ್ಸವದ ಚಂದಾ, ಕುರ್ಚಿ, ಶಾಮಿಯಾನ. ಗೇಟಿನ ಕಾರ್ಡಿನ ನಿಯಮ ಮಾಡುವಾಗ ನಮ್ಮನ್ನು ಒಂದು ಮಾತು ಕೇಳಿದ್ದರೆ, ಅದು ಯಾಕೆ ಬೇಕು ಎಂದು ಹೇಳಿದ್ದರೆ, ನಾನು ಅವತ್ತು ಅಷ್ಟು ಕೂಗಾಡುತ್ತಿರಲಿಲ್ಲ. ಐದು ವರ್ಷ ಇದನ್ನು ಬರೆದು ಕೊಟ್ಟಿದ್ದೇನೆ. ಕೊನೆಯ ವರ್ಷ ಒಂದೇ ಒಂದು ಸಭೆ ಶನಿವಾರ ಸಂಜೆ ಇಟ್ಟರು. ಅಪ್ಪಂದಿರು ಎಷ್ಟು ಜನ ಬಂದಿದ್ದರು ಎಂದರೆ ಬೆಂಚು ಸಾಲಲಿಲ್ಲ.

ಓದು ಬರಹದ ಬಗ್ಗೆ ಹೇಳುವಂಥದ್ದು ಜಾಸ್ತಿ ಏನಿಲ್ಲ. ಚೆನ್ನಾಗಿದೆ. ಹೋಂವರ್ಕ್ ಸ್ವಲ್ಪ ಹೆಚ್ಚು, ಕೈಬರಹದ ಮೇಲೆ ಅತಿ ಪ್ರೀತಿ.

ಈ ವರ್ಷ ಮಗನನ್ನೂ ಅಲ್ಲೇ ಸೇರಿಸುತ್ತಿದ್ದೇವೆ. ಅರ್ಜಿಯಲ್ಲಿ ಆ ಪ್ರಶ್ನೆ ಈಗ ಅಚ್ಚಾಗಿಯೇ ಬಂದಿದೆ: ಮಗು ಹೆದರಿದಾಗ ಏನು ಮಾಡುತ್ತದೆ? ಗಂಡ ಪೆನ್ನು ನನ್ನ ಕೈಗೆ ಕೊಟ್ಟರು. "ಕಚ್ಚುತ್ತಾನೆ" ಎಂದು ಬರೆದೆ.