ಫೈರ್‌ಫಾಕ್ಸ್ ಅಡ್ರೆಸ್ ಬಾರ್: ಮೂರು ಸಿಸ್ಟಂ, ಒಂದು ಹಳೇ ತಕರಾರು

ಫೈರ್‌ಫಾಕ್ಸ್ ಬ್ರೌಸರ್‌ನಲ್ಲಿ ವೆಬ್ ವಿಳಾಸ ಟೈಪ್ ಮಾಡುವ ಪಟ್ಟಿಯೇ ಅಡ್ರೆಸ್ ಬಾರ್. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನೋಡಲು ಇದು ಒಂದೇ ಥರ. ಕೈಯಿಟ್ಟರೆ ತಾನೇ ವ್ಯತ್ಯಾಸ ತಿಳಿಯುವುದು.

ತಕರಾರು ಲಿನಕ್ಸ್‌ನದು. ಅಲ್ಲಿ ಮೌಸ್‌ನಿಂದ ಅಕ್ಷರಗಳನ್ನು ಸೆಲೆಕ್ಟ್ ಮಾಡಿದರೆ ಸಾಕು, ಅವು ಪ್ರೈಮರಿ ಸೆಲೆಕ್ಷನ್ ಎಂಬ ತಾತ್ಕಾಲಿಕ ಜಾಗಕ್ಕೆ ಸೇರುತ್ತವೆ. ಮೌಸ್‌ನ ನಡುವಿನ ಬಟನ್ ಒತ್ತಿದರೆ ಪೇಸ್ಟ್ ಆಗುತ್ತವೆ. ಕಂಟ್ರೋಲ್-ಸಿ ಒತ್ತಿ ಕಾಪಿ ಮಾಡುವ ಕ್ಲಿಪ್‌ಬೋರ್ಡ್ ಬೇರೆ, ಇದು ಬೇರೆ. ಟರ್ಮಿನಲ್‌ನಲ್ಲಿ (ಕಮಾಂಡ್ ಟೈಪ್ ಮಾಡುವ ಕಿಟಕಿ) ಲಿಂಕ್ ಸೆಲೆಕ್ಟ್ ಮಾಡಿ ಬ್ರೌಸರ್‌ಗೆ ಬಂದಿರಿ ಎನ್ನಿ. ಹಳೇ ವಿಳಾಸ ಅಳಿಸಲು ಅದನ್ನು ಮೌಸ್‌ನಿಂದ ಸೆಲೆಕ್ಟ್ ಮಾಡಿದಿರೋ, ಹೊಸ ಲಿಂಕ್ ಹೋಯಿತು! ನಡುವಿನ ಬಟನ್ ಒತ್ತಿದರೆ ಈಗಷ್ಟೇ ಅಳಿಸಿದ ವಿಳಾಸವೇ ಮತ್ತೆ ಬಂದು ಕೂರುತ್ತಿತ್ತು. ಈ ಕಾರಣಕ್ಕೇ ಲಿನಕ್ಸ್ ಆವೃತ್ತಿಯಲ್ಲಿ ಒಂದು ಕ್ಲಿಕ್ಕಿಗೆ ಕರ್ಸರ್ ಮಾತ್ರ ಬರುತ್ತಿತ್ತು. ಒಂದು ಕ್ಲಿಕ್ಕಿಗೆ ಪೂರ್ತಿ ಸೆಲೆಕ್ಟ್ ಆಗುವ ವಿಂಡೋಸ್ ಅಭ್ಯಾಸದವರು ಟೈಪ್ ಮಾಡಿದ್ದು ಹಳೇ ವಿಳಾಸದ ಹೊಟ್ಟೆಯೊಳಗೆ ಸೇರುತ್ತಿತ್ತು.

2020ರಲ್ಲಿ ಬಂದ 75ನೇ ಆವೃತ್ತಿ ಇದನ್ನು ಜಾಣತನದಿಂದ ಬಿಡಿಸಿತು. ಒಂದು ಕ್ಲಿಕ್: ಪೂರ್ತಿ ಸೆಲೆಕ್ಟ್, ಆದರೆ ಪ್ರೈಮರಿ ಮುಟ್ಟುವುದಿಲ್ಲ. ಎರಡು: ಒಂದು ಪದ. ಮೂರು: ಪೂರ್ತಿ ಸೆಲೆಕ್ಟ್, ಪ್ರೈಮರಿಗೂ ಸೇರ್ಪಡೆ. ಹಾಗಾಗಿ ಕ್ರಮ ಹೀಗೆ: ಒಮ್ಮೆ ಕ್ಲಿಕ್, ಬ್ಯಾಕ್‌ಸ್ಪೇಸ್, ನಡುವಿನ ಬಟನ್, ಎಂಟರ್. ಬ್ಯಾಕ್‌ಸ್ಪೇಸ್ ಮರೆತರೆ ಎರಡು ವಿಳಾಸ ಒಂದರೊಳಗೊಂದು ಸಿಕ್ಕಿಕೊಳ್ಳಬಹುದು. ಈಗಿನ ವಿಳಾಸವನ್ನೇ ಟರ್ಮಿನಲ್‌ಗೆ ಒಯ್ಯಬೇಕೆ? ಮೂರು ಕ್ಲಿಕ್, ಆಮೇಲೆ ಅಲ್ಲಿ ನಡುವಿನ ಬಟನ್. ಕೀಬೋರ್ಡ್ ಮುಟ್ಟುವ ಮಾತೇ ಇಲ್ಲ. ಒಂದು ಕ್ಲಿಕ್ಕಿಗೆ ಕರ್ಸರ್ ಬೇಕೆಂದು ಇನ್ನೂ ಗೊಣಗುವವರಿದ್ದಾರೆ. ಪೂರ್ತಿ ಸೆಲೆಕ್ಟ್ ಆದಮೇಲೆ ಬೇಕಾದ ಜಾಗದಲ್ಲಿ ಇನ್ನೊಂದು ಕ್ಲಿಕ್ ಮಾಡಿದರೆ ಅದೂ ಸಿಗುತ್ತದೆ. ತುಸು ತಡೆದು ಒತ್ತಿ, ಇಲ್ಲವಾದರೆ ಅದು ಡಬಲ್ ಕ್ಲಿಕ್ ಆಗುತ್ತದೆ.

ಮ್ಯಾಕ್‌ನಲ್ಲಿ ಈ ಸುಖವೂ ಇಲ್ಲ, ರಗಳೆಯೂ ಇಲ್ಲ. ಅಲ್ಲಿ ಕೀಗಳದೇ ಕಾಟ. ಬಾರ್‌ಗೆ ಹಾರಲು ಆಲ್ಟ್-ಡಿ ರೂಢಿಯಾದ ಕೈ ಆಪ್ಷನ್-ಡಿ ಒತ್ತಿದರೆ ಅಮೆರಿಕನ್ ಲೇಔಟ್‌ನಲ್ಲಿ ಗಣಿತದ ಚಿಹ್ನೆಯೊಂದು ಮೂಡುತ್ತದೆ. ಅದಕ್ಕೆ ವಿಂಡೋಸ್, ಲಿನಕ್ಸ್‌ನಲ್ಲಿ ಕಂಟ್ರೋಲ್-ಎಲ್, ಮ್ಯಾಕ್‌ನಲ್ಲಿ ಕಮಾಂಡ್-ಎಲ್ ಎಂದು ರೂಢಿಸಿಕೊಳ್ಳುವುದೇ ಮೇಲು. ಒಂದೊಂದೇ ಪದ ಅಳಿಸಲು ವಿಂಡೋಸ್, ಲಿನಕ್ಸ್‌ನಲ್ಲಿ ಕಂಟ್ರೋಲ್-ಬ್ಯಾಕ್‌ಸ್ಪೇಸ್, ಮ್ಯಾಕ್‌ನಲ್ಲಿ ಆಪ್ಷನ್-ಡಿಲೀಟ್. ಕಮಾಂಡ್-ಡಿಲೀಟ್ ಒತ್ತಿಬಿಟ್ಟರೆ ಕರ್ಸರ್‌ನ ಹಿಂದಿರುವುದೆಲ್ಲ ಒಂದೇ ಏಟಿಗೆ ಮಾಯ. ಕಮಾಂಡ್-ಝಡ್ ಒತ್ತಿ ವಾಪಸ್ ತನ್ನಿ.