ಬಯಾಸ್ ರೀಸೆಟ್: ಮೆನುವೋ, ಜಂಪರೋ, ಸೆಲ್ಲೋ?

ಮೆಮೊರಿ (ರ‍್ಯಾಮ್) ವೇಗ ಹೆಚ್ಚಿಸುವ ಎಕ್ಸ್‌ಎಂಪಿ ಆನ್ ಮಾಡಿದ ಮೇಲೆ ಹೊಸ ಪಿಸಿ ಕೈ ಕೊಡುತ್ತಿದೆ, ಸೆಟ್ಟಿಂಗ್ ಹೇಗೆ ಅಳಿಸಲಿ ಅಂತ ರಾಯಚೂರಿನ ತಮ್ಮ ಕೇಳಿದ್ದಾನೆ.

ಬಯಾಸ್ (ಪಿಸಿ ಶುರುವಾಗುವಾಗ ಮೊದಲು ಓಡುವ ಮದರ್‌ಬೋರ್ಡಿನ ಮೂಲ ಸಾಫ್ಟ್‌ವೇರ್) ಪರದೆ ಕಾಣುತ್ತಿದ್ದರೆ ಕ್ಯಾಬಿನೆಟ್ ಬಿಚ್ಚುವುದೇ ಬೇಡ. ಮೆನುವಿನಲ್ಲೇ ಡೀಫಾಲ್ಟ್ (ಮೊದಲಿದ್ದ ಸೆಟ್ಟಿಂಗ್) ಲೋಡ್ ಮಾಡಿ ಸೇವ್ ಕೊಡು. ಮೆಮೊರಿ ಡಿಡಿಆರ್5 ಆದರೆ ಆಮೇಲೆ ಕೆಲವು ನಿಮಿಷ ಪರದೆ ಕಪ್ಪಾಗಿರಬಹುದು, ಅವಸರ ಬೇಡ.

ಪರದೆಯೇ ಬರದಿದ್ದರೆ ಜಂಪರ್, ಅಂದರೆ ಬಯಾಸ್ ಸೆಟ್ಟಿಂಗ್ ಅಳಿಸಲು ಮದರ್‌ಬೋರ್ಡಿನಲ್ಲಿರುವ ಪಿನ್‌ಗಳ ದಾರಿ ಬೇಗ. ಪ್ಲಗ್ ಕಿತ್ತು, ಎರಡು ಪಿನ್‌ಗಳಿಗೆ ಸ್ಕ್ರೂಡ್ರೈವರ್ ತುದಿಯನ್ನು 10 ಸೆಕೆಂಡ್ ಮುಟ್ಟಿಸಿದರೆ ಸಾಕು. ಯಾವ ಪಿನ್ ಅಂತ ಮಾತ್ರ ಮ್ಯಾನುಯಲ್ ನೋಡಲೇಬೇಕು. ಅಂದಾಜಿನ ಮೇಲೆ ಮುಟ್ಟಿಸಬೇಡ.

ಮ್ಯಾನುಯಲ್ ಇಲ್ವಾ? ಪ್ಲಗ್ ಕಿತ್ತು ಮದರ್‌ಬೋರ್ಡಿನ ಮೇಲಿರುವ ನಾಣ್ಯದಂಥ ಸೆಲ್ ತೆಗೆ, ಐದು ನಿಮಿಷ ಬಿಡು. ಗ್ರಾಫಿಕ್ಸ್ ಕಾರ್ಡ್ ಅಡ್ಡ ಬಂದರೆ ಕಿರಿಕಿರಿ ಜಾಸ್ತಿ. ಆದರೆ ಹಳೆ ಬೋರ್ಡಿನಲ್ಲಿ ಕರೆಂಟ್ ಹೋದಾಗಲೆಲ್ಲ ಗಡಿಯಾರ ತಪ್ಪುತ್ತಿದ್ದರೆ ಹೊಸ ಸಿಆರ್2032 ಸೆಲ್ ಹಾಕುವುದೇ ವಾಸಿ. ವಾಚ್ ಅಂಗಡಿಯಲ್ಲೂ ಸಿಗುತ್ತದೆ.