ಅಪ್‌ಡೇಟ್ ಹೆಸರಲ್ಲಿ ಜಾಹೀರಾತು ಇಳಿಸುತ್ತಾರೆ, ಒತ್ತುವ ಮುಂಚೆ ಪಟ್ಟಿ ಬಿಡಿಸಿ ನೋಡಿ

ಲ್ಯಾಪ್‌ಟಾಪ್‌ನ ಮೂಲೆಯಲ್ಲಿ 'ಮುಖ್ಯವಾದ ಅಪ್‌ಡೇಟ್ ಬಂದಿದೆ' ಅಂತ ಒಂದು ಪೆಟ್ಟಿಗೆ ಏಳುತ್ತದಲ್ಲ, ಅದನ್ನು ಒತ್ತುವ ಮುಂಚೆ ದಯವಿಟ್ಟು ಇದನ್ನು ಓದಿ. ನಾನು ಹೇಳುತ್ತಿರುವುದು ವಿಂಡೋಸ್ ಅಪ್‌ಡೇಟ್ ಬಗ್ಗೆ ಅಲ್ಲ. ಲ್ಯಾಪ್‌ಟಾಪ್ ಮಾಡಿದ ಕಂಪನಿಯೇ ತನ್ನದೊಂದು ಅಪ್‌ಡೇಟ್ ಸಾಫ್ಟ್‌ವೇರ್ ಹಾಕಿ ಕೊಟ್ಟಿರುತ್ತದೆ. ವೈಫೈಯಂಥ ಭಾಗಗಳನ್ನು ನಡೆಸುವ ಡ್ರೈವರ್, ಲ್ಯಾಪ್‌ಟಾಪ್ ಆನ್ ಆಗುವಾಗ ಮೊದಲು ಓಡುವ ಬಯೋಸ್ ಎಲ್ಲ ಅದರ ಮೂಲಕ ಬರುತ್ತದೆ. ಅದರ ಬಗ್ಗೆ. ಕಂಪನಿಯ ಹೆಸರು ಬರೆಯುವುದಿಲ್ಲ. ಹೀಗೆ ಮಾಡುವವರು ಅವರೊಬ್ಬರೇ ಅಂತ ನನಗೆ ಅನ್ನಿಸುವುದೂ ಇಲ್ಲ. ನಿಮ್ಮದು ಯಾವುದೇ ಇರಲಿ, ಹುಷಾರಾಗಿರಿ.

ತೀರ್ಥಹಳ್ಳಿ ತಾಲೂಕಿನ ಸಣ್ಣ ಊರಲ್ಲಿ ನನ್ನದೊಂದು ಅಂಗಡಿ ಇದೆ. ಜೆರಾಕ್ಸ್, ಪಹಣಿ ತೆಗೆದುಕೊಡುವುದು, ಆನ್‌ಲೈನ್ ಅರ್ಜಿ ಹಾಕುವುದು. ಇರುವುದು ಒಂದು ಲ್ಯಾಪ್‌ಟಾಪ್, ಒಂದು ಪ್ರಿಂಟರ್, ಒಂದು ಯುಪಿಎಸ್. ಮಳೆಗಾಲದಲ್ಲಿ ಫೈಬರ್ ಲೈನ್ ಮೇಲೆ ಮರ ಬಿದ್ದರೆ ಆಮೇಲೆ ಮೊಬೈಲ್ ಹಾಟ್‌ಸ್ಪಾಟೇ ಗತಿ. ದಿನಕ್ಕೆ 2 ಜಿಬಿ. ಅದು ಮುಗಿದರೆ ಸ್ಪೀಡ್ 64 ಕೆಬಿಪಿಎಸ್‌ಗೆ ಇಳಿಯುತ್ತದೆ, ಒಂದು ಪುಟವೂ ತೆರೆಯುವುದಿಲ್ಲ. ಮಲೆನಾಡಲ್ಲಿ ಇರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅಡಿಕೆ ಬೆಳೆ ವಿಮೆ ಕಟ್ಟುವ ಕೊನೆಯ ದಿನಗಳು ಹೇಗಿರುತ್ತವೆ ಅಂತ ನಿಮಗೆ ಗೊತ್ತು. ಅಡಿಕೆಗೆ, ಕಾಳುಮೆಣಸಿಗೆ ಹವಾಮಾನ ಆಧಾರಿತ ವಿಮೆ ಇದೆ, ರೈತರು ತಮ್ಮ ಪಾಲಿನ ಪ್ರೀಮಿಯಂ ಅಂತ ವಿಮಾ ಮೊತ್ತದ ಶೇ. 5 ಕಟ್ಟಬೇಕು. ಕೊಳೆ ರೋಗ, ಎಲೆಚುಕ್ಕಿ ಅಂತ ಸಾಕಾಗಿ ಹೋಗಿರುವ ಜನ ಇದೊಂದನ್ನಾದರೂ ತಪ್ಪಿಸಬಾರದು ಅಂತ ಬರುತ್ತಾರೆ. ಕೈಯಲ್ಲಿ ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್. ಅವೆಲ್ಲ ಸ್ಕ್ಯಾನ್ ಆಗಿ ನನ್ನ ಲ್ಯಾಪ್‌ಟಾಪ್‌ನ ಡಾಕ್ಯುಮೆಂಟ್ಸ್ ಫೋಲ್ಡರ್‌ನಲ್ಲಿ ಕೂರುತ್ತವೆ. ಈ ಫೋಲ್ಡರ್ ನೆನಪಿಟ್ಟುಕೊಳ್ಳಿ.

ಅಂಥ ಒಂದು ದಿನದ ಹಿಂದಿನ ರಾತ್ರಿ ಆ ಪೆಟ್ಟಿಗೆ ಬಂತು. 'ಭದ್ರತೆಗೆ ಸಂಬಂಧಿಸಿದ ಅಪ್‌ಡೇಟ್, ಕೂಡಲೇ ಹಾಕಿಕೊಳ್ಳಿ' ಅಂತ ಇಂಗ್ಲಿಷಿನಲ್ಲಿ. ಒಳಗೆ ನೋಡಿದೆ. ಬಯೋಸ್, ಅದರ ಕೆಳಗೆ ವೈಫೈ ಡ್ರೈವರ್. ಎರಡೂ ಬೇಕಾದದ್ದೇ. ಕೆಳಗೆ ದೊಡ್ಡದಾಗಿ 'ಎಲ್ಲ ಹಾಕು' ಅನ್ನುವ ನೀಲಿ ಬಟನ್. ಭದ್ರತೆಯ ಅಪ್‌ಡೇಟ್ ಅಂದರೆ ಯಾರಾದರೂ ಏನು ಮಾಡುತ್ತಾರೆ? ಒತ್ತುತ್ತಾರೆ. ಒತ್ತಬೇಕಾದದ್ದೂ ಹೌದು.

ಆ ಪಟ್ಟಿ ಅಲ್ಲಿಗೆ ಮುಗಿದಿರಲಿಲ್ಲ. ಬದಿಯಲ್ಲಿ ಒಂದು ಸಣ್ಣ ಬಾಣದ ಗುರುತು ಇತ್ತು, ಬೂದು ಬಣ್ಣದ್ದು. ಅದನ್ನು ಒತ್ತಿ ಬಿಡಿಸಿದರೆ ಮಾತ್ರ ಇನ್ನೊಂದು ಸಾಲು ಕಾಣುತ್ತದೆ. 'ಐಚ್ಛಿಕ: ವಿಶೇಷ ಪ್ರಿವ್ಯೂ'. ಅದರ ಮುಂದೆ ಟಿಕ್ ಮೊದಲೇ ಬಿದ್ದಿದೆ. ನಾನು ಹಾಕಿದ ಟಿಕ್ ಅಲ್ಲ. ಅವರು ಹಾಕಿದ್ದು. ಅವರೇ ಹಾಕಿ, ಮುಚ್ಚಿಟ್ಟು, ಆಮೇಲೆ ಅದಕ್ಕೆ ಐಚ್ಛಿಕ ಅಂತ ಹೆಸರಿಟ್ಟದ್ದು. ಇದೆಲ್ಲ ನನಗೆ ಗೊತ್ತಾಗಿದ್ದು ಎಲ್ಲ ಆದ ಮೇಲೆ.

ಮಾರನೇ ದಿನ ಅಂಗಡಿ ತುಂಬ ಜನ. ಪಕ್ಕದೂರಿನ ಗೌಡ್ರು ಬೆಂಚಿನ ಮೇಲೆ ಕೂತಿದ್ದರು, ಜೊತೆಗೆ ಮೊಮ್ಮಗ. ಅವರ ಅರ್ಜಿ ತುಂಬಿ ಹಣ ಕಟ್ಟುವ ಪುಟಕ್ಕೆ ಬಂದಿದ್ದೆ. ಪುಟ ಸುತ್ತುತ್ತಲೇ ಇತ್ತು. ಟವರ್ ಸರಿ ಇಲ್ಲ ಅಂದುಕೊಂಡು ಫೋನನ್ನು ಕಿಟಕಿ ಹತ್ತಿರ ಇಟ್ಟೆ. ಆಗ ಇದ್ದಕ್ಕಿದ್ದಂತೆ ಇಡೀ ಸ್ಕ್ರೀನ್ ಕೆಂಪಾಯಿತು. ನಿಮ್ಮ ಖಾಸಗಿ ದಾಖಲೆಗಳು ಅಪಾಯದಲ್ಲಿವೆ, ಈಗಲೇ ರಕ್ಷಿಸಿಕೊಳ್ಳಿ ಅಂತ ದೊಡ್ಡ ಅಕ್ಷರ. ಮುಚ್ಚುವ ಗುರುತೇ ಇಲ್ಲ. ಕೆಳಗೆ ತೀರಾ ಸಣ್ಣದಾಗಿ 'ಆಮೇಲೆ ನೆನಪಿಸು' ಅಂತ ಮಾತ್ರ. ಬೇಡ ಅನ್ನುವುದಕ್ಕೆ ಜಾಗವೇ ಇಲ್ಲ.

ಮೊಮ್ಮಗ ಅದನ್ನು ಜೋರಾಗಿ ಓದಿ ಅಜ್ಜನಿಗೆ ಅರ್ಥ ಹೇಳಿದ. ಗೌಡ್ರು ಎದ್ದು ನಿಂತರು. "ಎಂತ ಮಾರಾಯ್ತಿ ಇದು? ನನ್ನ ಆಧಾರು, ಪಾಸ್‌ಬುಕ್ಕು ಎಲ್ಲ ಇದರೊಳಗೇ ಹಾಕಿದ್ದೀಯಲ್ಲ? ವೈರಸ್ ಬಂದಿದೆಯಾ?" ಹಿಂದೆ ನಿಂತವರೆಲ್ಲ ಕತ್ತು ಚಾಚಿ ನೋಡುತ್ತಿದ್ದರು. ಇದು ವೈರಸ್ ಅಲ್ಲ ಅಂತ ಹೇಳಬೇಕು, ಆದರೆ ಇದು ಏನು ಅಂತ ನನಗೇ ಗೊತ್ತಿಲ್ಲ. ನಾನು ಹಾಕದ ಸಾಫ್ಟ್‌ವೇರ್ ನನ್ನ ಲ್ಯಾಪ್‌ಟಾಪ್‌ನಲ್ಲಿ ಕೂತು, ನನ್ನ ಗಿರಾಕಿಗಳ ಮುಂದೆ, ನನ್ನ ಹತ್ತಿರ ದಾಖಲೆ ಕೊಡುವುದು ಅಪಾಯ ಅಂತ ಸಾರುತ್ತಿದೆ. ಆ ಹೊತ್ತಿನ ಅವಮಾನ ಇವತ್ತಿಗೂ ಇಳಿದಿಲ್ಲ.

ಅದನ್ನು ಸರಿಸಿ ನೋಡಿದರೆ ಇನ್ನೂ ದೊಡ್ಡದು ಕಾದಿತ್ತು. ಕೆಳಗಿನ ಪಟ್ಟಿಯಲ್ಲಿ ಹೊಸದೊಂದು ಮೋಡದ ಗುರುತು. 'ಬ್ಯಾಕಪ್ ಆಗುತ್ತಿದೆ'. ಡಾಕ್ಯುಮೆಂಟ್ಸ್ ಫೋಲ್ಡರ್! ಊರಿನವರ ಆಧಾರ್, ಪಾಸ್‌ಬುಕ್, ಪಹಣಿ ಎಲ್ಲ ನನ್ನ ಹಾಟ್‌ಸ್ಪಾಟ್ ಮೂಲಕ ಯಾವುದೋ ಸರ್ವರ್‌ಗೆ ಹೋಗುತ್ತಿದೆ. ಮೂವತ್ತು ದಿನದ ಉಚಿತ ಪ್ರಿವ್ಯೂ ಅಂತೆ. ಆಮೇಲೆ ದುಡ್ಡು ಕಟ್ಟಿ ಮುಂದುವರಿಸಬೇಕಂತೆ. ಗೌಡ್ರ ಹಣ ಕಟ್ಟುವ ಪುಟ ತೆರೆಯದೆ ಇದ್ದದ್ದು ಇದಕ್ಕೆ. ದಿನದ 2 ಜಿಬಿ ಪೂರ್ತಿ ಇದೇ ತಿಂದಿತ್ತು.

ಕೇಬಲ್ ಕಿತ್ತಂತೆ ಹಾಟ್‌ಸ್ಪಾಟ್ ಆರಿಸಿದೆ. ಗೌಡ್ರು ಆ ಮಳೆಯಲ್ಲಿ ಬಸ್ ಹತ್ತಿ ತೀರ್ಥಹಳ್ಳಿಗೆ ಹೋಗಿ ವಿಮೆ ಕಟ್ಟಿ ಬಂದರು. ಉಳಿದವರೂ ಒಬ್ಬೊಬ್ಬರೇ ಕಾಗದ ವಾಪಸ್ ತೆಗೆದುಕೊಂಡು ಹೋದರು.

ಇನ್ನು ಕಸ್ಟಮರ್ ಕೇರ್ ಕಥೆ. ಕನ್ನಡದವರು ಸಿಗುವಷ್ಟರಲ್ಲಿ ಸಾಕುಸಾಕಾಯಿತು. ಸಿಕ್ಕಿದ ಹುಡುಗ ಮರ್ಯಾದೆಯಿಂದಲೇ ಮಾತಾಡಿದ, ಆದರೆ ಓದಿ ಹೇಳಿದ ಹಾಗೆ.

"ಮೇಡಂ, ಅದು ಐಚ್ಛಿಕ. ನೀವು ಟಿಕ್ ತೆಗೆಯಬಹುದಿತ್ತು."

ಟಿಕ್ ಹಾಕಿದ್ದು ಯಾರಪ್ಪಾ ಅಂತ ಕೇಳಿದೆ.

"ಮೇಡಂ, ಡೀಫಾಲ್ಟ್ ಆಗಿ ಇರುತ್ತದೆ, ಗ್ರಾಹಕರ ಅನುಕೂಲಕ್ಕೆ."

ನನಗೇನು ಅನುಕೂಲ ಆಯಿತು ಹೇಳು ಅಂದೆ. "ಮೇಡಂ, ನಿಮ್ಮ ಫೈಲ್‌ಗಳು ಸೇಫ್ ಆಗಿವೆ." ನನ್ನ ಫೈಲ್ ಅಲ್ಲಪ್ಪಾ ಅವು, ಊರಿನ ಜನರದ್ದು, ಅವರನ್ನು ಕೇಳಿದ್ದೀರಾ ಅಂದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಒಪ್ಪಿಗೆ ಕೊಟ್ಟೇ ಇನ್‌ಸ್ಟಾಲ್ ಆಗಿರುತ್ತದೆ ಮೇಡಂ." ಎಲ್ಲಿ ಕೊಟ್ಟೆ? "ನೀವು ಅಪ್‌ಡೇಟ್ ಹಾಕು ಅಂತ ಒತ್ತಿದಿರಲ್ಲ ಮೇಡಂ." ಅಂದರೆ ಭದ್ರತೆಯ ಅಪ್‌ಡೇಟಿಗೆ ಹೂಂ ಅಂದರೆ ಅವರ ಮಾರಾಟದ ಸರಕಿಗೂ ಹೂಂ ಅಂದ ಹಾಗೆ. ಇದು ಜಾಹೀರಾತು ಅಲ್ವಾ ಅಂದರೆ, "ಅಲ್ಲ ಮೇಡಂ, ಶಿಫಾರಸು." ಕೊನೆಗೆ, "ಬೇಡವಾದರೆ ಅನ್‌ಇನ್‌ಸ್ಟಾಲ್ ಮಾಡಬಹುದು, ಸಮಸ್ಯೆ ಬಗೆಹರಿದಿದೆ ಅಂತ ದಾಖಲಿಸಲಾ?" ಬಗೆಹರಿದಿಲ್ಲ ಅಂತಲೇ ಬರೆಯಿರಿ ಅಂದೆ. ಬಗೆಹರಿದಿದೆ ಅಂತ ಮೆಸೇಜ್ ಬಂತು. ಸೇವೆಗೆ ಎಷ್ಟು ಸ್ಟಾರ್ ಕೊಡುತ್ತೀರಿ ಅಂತ ಅದರ ಹಿಂದೆಯೇ ಇನ್ನೊಂದು.

ಅನ್‌ಇನ್‌ಸ್ಟಾಲ್ ಮಾಡಿದೆ. ಸರ್ವರ್‌ಗೆ ಹೋದ ಫೈಲ್‌ಗಳನ್ನು ಅಳಿಸಿ ಅಂತ ಮೇಲ್ ಹಾಕಿದೆ. 'ಖಾತೆ ತೆರೆದು ಲಾಗಿನ್ ಆಗಿ ಅಳಿಸಿಕೊಳ್ಳಿ' ಅಂತ ಉತ್ತರ. ಅಂದರೆ ಬೇಡ ಅನ್ನುವುದಕ್ಕೂ ನಾನು ಅವರ ಗಿರಾಕಿಯಾಗಬೇಕು! ಮುಂದಿನ ಅಪ್‌ಡೇಟಿನಲ್ಲಿ ಅದೇ ಬೂದು ಬಾಣದ ಹಿಂದೆ ಅದೇ ಸಾಲು, ಅದೇ ಟಿಕ್, ಮತ್ತೆ. ಒಮ್ಮೆ ತೆಗೆದದ್ದು ಬೇಡ ಅಂತ ತಾನೇ?

ಶಿವಮೊಗ್ಗಕ್ಕೆ ಹೋದಾಗ ದುರ್ಗಿಗುಡಿಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವವರಿಗೆ ತೋರಿಸಿದೆ. "ಅಕ್ಕಾ, ದಿನಾ ಇಂಥವು ಬರುತ್ತವೆ. ಸುಮ್ನೆ ಅಪ್‌ಡೇಟ್‌ಗಳನ್ನೆಲ್ಲ ಆಫ್ ಮಾಡಿಬಿಡಿ, ಎಲ್ಲರಿಗೂ ನಾನು ಹಾಗೇ ಮಾಡಿಕೊಡುತ್ತೇನೆ" ಅಂದರು. ನನಗೆ ನಿಜವಾಗಿ ಭಯ ಆದದ್ದು ಆ ಮಾತಿಗೆ.

ಯಾಕೆಂದರೆ ಎಲ್ಲವನ್ನೂ ಆಫ್ ಮಾಡಿದರೆ ಏನಾಗುತ್ತದೆ ಅಂತ ಜಗತ್ತು ನೋಡಿದೆ. 2017ರ ಮೇ 12ರಂದು ವಾನಾಕ್ರೈ ಅನ್ನುವ ರಾನ್‌ಸಮ್‌ವೇರ್, ಅಂದರೆ ಫೈಲ್‌ಗಳನ್ನು ಲಾಕ್ ಮಾಡಿ ದುಡ್ಡು ಕೇಳುವ ಸಾಫ್ಟ್‌ವೇರ್, ಹರಡಿತು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳ ಕಂಪ್ಯೂಟರ್‌ಗಳೇ ಲಾಕ್ ಆದವು, ರೋಗಿಗಳನ್ನು ವಾಪಸ್ ಕಳಿಸಿದರು. ಅದು ನುಗ್ಗಿದ ತೂತನ್ನು ಮುಚ್ಚುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಅದೇ ವರ್ಷ ಮಾರ್ಚ್ 14ಕ್ಕೇ ಕೊಟ್ಟಿತ್ತು. ಹಾಕಿಕೊಳ್ಳದವರು ಸಿಕ್ಕಿಬಿದ್ದರು. ಅಪ್‌ಡೇಟ್ ಅಂದರೆ ಇಷ್ಟು ದೊಡ್ಡ ವಿಷಯ. ಅದರೊಳಗೆ ಮಾರಾಟದ ಸರಕು ತುರುಕಿದರೆ ಜನ ಬೇಸತ್ತು ಬಾಗಿಲನ್ನೇ ಹಾಕುತ್ತಾರೆ. ಮೀಟರ್ ರಿಪೇರಿಗೆ ಅಂತ ಒಳಗೆ ಬಿಟ್ಟ ಲೈನ್‌ಮನ್ ಅಡುಗೆಮನೆಯಲ್ಲಿ ಮಿಕ್ಸಿ ಇಟ್ಟು, ಮುಂದಿನ ತಿಂಗಳು ಕಂತು ಕಟ್ಟಿ ಅಂದರೆ, ಅವನನ್ನು ಮತ್ತೆ ಒಳಗೆ ಬಿಡುತ್ತೀರಾ?

'ಐಚ್ಛಿಕ ಅಲ್ವಾ, ಬೇಡವಾದರೆ ಬಿಡಿ' ಅನ್ನುವವರಿಗೆ ನನ್ನ ಉತ್ತರ ಇಷ್ಟೇ. ಐಚ್ಛಿಕ ಅಂದರೆ ಟಿಕ್ ನಾನು ಹಾಕಬೇಕು. ವಿಂಡೋಸ್‌ನಲ್ಲಿ ತಿಂಗಳ ಕೊನೆಯ ಹೊತ್ತಿಗೆ ಐಚ್ಛಿಕ ಪ್ರಿವ್ಯೂ ಅಪ್‌ಡೇಟ್ ಅಂತ ಬರುತ್ತದೆ, ಮುಂದಿನ ತಿಂಗಳ ಎರಡನೇ ಮಂಗಳವಾರ ಎಲ್ಲರಿಗೂ ಬರಬೇಕಾದ ರಿಪೇರಿಗಳನ್ನು ಮೊದಲೇ ನೋಡುವವರಿಗೆ. ಅದಕ್ಕೆ ನನ್ನ ತಕರಾರಿಲ್ಲ. ಆದರೆ ಅದರಲ್ಲೂ 2024ರ ಏಪ್ರಿಲ್‌ನಲ್ಲಿ ವಿಂಡೋಸ್ 11ರ ಸ್ಟಾರ್ಟ್ ಮೆನುವಿಗೆ ಆ್ಯಪ್‌ಗಳ ಪ್ರಚಾರ ಸೇರಿಸಿದರು. ಎಲ್ಲರಿಗೂ ಇದೇ ಚಾಳಿ.

ಹೊಸದೂ ಅಲ್ಲ. 2008ರಲ್ಲಿ ಆಪಲ್‌ನ ಅಪ್‌ಡೇಟ್ ಸಾಫ್ಟ್‌ವೇರ್ ವಿಂಡೋಸ್ ಬಳಸುವವರಿಗೆ ಸಫಾರಿ ಬ್ರೌಸರನ್ನು ಅಪ್‌ಡೇಟ್ ಪಟ್ಟಿಯಲ್ಲೇ ಇಟ್ಟು, ಟಿಕ್ ಹಾಕಿ ಕೊಟ್ಟಿತ್ತು. ಇಂಥದ್ದು ಅಪ್‌ಡೇಟ್ ಮೇಲಿನ ನಂಬಿಕೆಯನ್ನೇ ಹಾಳು ಮಾಡುತ್ತದೆ ಅಂತ ಫೈರ್‌ಫಾಕ್ಸ್ ಬ್ರೌಸರ್ ಮಾಡುವ ಮೊಜಿಲ್ಲಾದ ಮುಖ್ಯಸ್ಥರು ಆಗಲೇ ಹೇಳಿದ್ದರು. 2016ರಲ್ಲಿ ವಿಂಡೋಸ್ 10 ಹಾಕಿಕೊಳ್ಳಿ ಅನ್ನುವ ಕಿಟಕಿಯಲ್ಲಿ ಮುಚ್ಚುವ ಎಕ್ಸ್ ಗುರುತು ಒತ್ತಿದರೂ ಒಪ್ಪಿಗೆ ಅಂತಲೇ ಲೆಕ್ಕ ಹಿಡಿದರು. ಅದೇ ವರ್ಷ, ಕೇಳದೆ ಬಂದ ವಿಂಡೋಸ್ 10ರಿಂದ ಕಂಪ್ಯೂಟರ್ ಕೆಟ್ಟು ವ್ಯವಹಾರಕ್ಕೆ ಪೆಟ್ಟು ತಿಂದ ಕ್ಯಾಲಿಫೋರ್ನಿಯಾದ ಮಹಿಳೆಯೊಬ್ಬರಿಗೆ ಮೈಕ್ರೋಸಾಫ್ಟ್ 10,000 ಡಾಲರ್ ಕೊಡಬೇಕಾಯಿತು. ಅವರು ಕೇಸ್ ಹಾಕಿ ಗೆದ್ದರು. ನಮ್ಮ ಕಡೆ ಕೇಸ್ ಹಾಕುವುದಿರಲಿ, ನಮಗೆ ಮೋಸ ಆಗಿದೆ ಅಂತ ಬಾಯಿಬಿಟ್ಟು ಹೇಳುವುದಕ್ಕೇ ನಾಚಿಕೆ.

ನಮ್ಮಲ್ಲೂ ನಿಯಮ ಇದೆ. 2023ರ ನವೆಂಬರ್ 30ರಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಡಾರ್ಕ್ ಪ್ಯಾಟರ್ನ್, ಅಂದರೆ ಸ್ಕ್ರೀನ್ ಮೇಲೆ ಗ್ರಾಹಕರನ್ನು ದಾರಿ ತಪ್ಪಿಸುವ ವಿನ್ಯಾಸ, ತಡೆಯುವ ಮಾರ್ಗಸೂಚಿ ತಂದಿದೆ. 13 ಬಗೆಯ ಕುತಂತ್ರಗಳ ಪಟ್ಟಿ ಅದರಲ್ಲಿದೆ. ಜಾಹೀರಾತನ್ನು ಬೇರೆ ವೇಷದಲ್ಲಿ ತೋರಿಸುವುದು, ಬೇಡ ಅನ್ನುವ ದಾರಿಯನ್ನು ಕಾಣದ ಹಾಗೆ ಮಾಡುವುದು, ಪದೇ ಪದೇ ಪೀಡಿಸುವುದು, ಸುಳ್ಳು ಆತುರ ಹುಟ್ಟಿಸುವುದು. ಪಟ್ಟಿ ಓದುತ್ತಿದ್ದರೆ ನನ್ನ ಲ್ಯಾಪ್‌ಟಾಪ್ ನೋಡಿಯೇ ಬರೆದಿದ್ದಾರೆ ಅನ್ನಿಸಿತು. ಗ್ರಾಹಕರ ಸಹಾಯವಾಣಿ 1915. ಕನ್ನಡದಲ್ಲೂ ಮಾತಾಡುತ್ತಾರೆ. ಕಸ್ಟಮರ್ ಕೇರ್ ಜೊತೆ ಗಂಟಲು ಹರಿದುಕೊಳ್ಳುವ ಬದಲು ಅಲ್ಲಿಗೆ ಹೇಳಿ.

ಅಂಗಡಿ ಇಟ್ಟುಕೊಂಡಿರುವ ನನ್ನಂಥವರಿಗೆ ಇಷ್ಟು ಹೇಳುತ್ತೇನೆ. ಪಟ್ಟಿಯಲ್ಲಿ ಎಲ್ಲಿ ಬಾಣದ ಗುರುತು ಕಂಡರೂ ಬಿಡಿಸಿ ನೋಡಿ. 'ಎಲ್ಲ ಹಾಕು' ಒತ್ತಬೇಡಿ, ಒಂದೊಂದಾಗಿ ಆರಿಸಿ. ಗಿರಾಕಿಗಳ ದಾಖಲೆಯನ್ನು ಡಾಕ್ಯುಮೆಂಟ್ಸ್‌ನಲ್ಲಿ ಬಿಡಬೇಡಿ, ಪೆನ್‌ಡ್ರೈವ್‌ನಲ್ಲಿ ಇಡಿ, ಕೆಲಸ ಮುಗಿದ ಮೇಲೆ ಅಳಿಸಿ. ಹಾಟ್‌ಸ್ಪಾಟ್ ಬಳಸುವಾಗ ವಿಂಡೋಸ್‌ನ ವೈಫೈ ಸೆಟ್ಟಿಂಗ್‌ನಲ್ಲಿ 'ಮೀಟರ್ಡ್ ಕನೆಕ್ಷನ್' ಆನ್ ಮಾಡಿ, ಡೇಟಾ ಮಿತಿ ಇದೆ ಅಂತ ಅದಕ್ಕೆ ತಿಳಿಸುವ ಆಯ್ಕೆ ಅದು. ವಿಂಡೋಸ್ ಈ ಸೆಟ್ಟಿಂಗಿಗೆ ಬೆಲೆ ಕೊಡುತ್ತದೆ. ನನ್ನದರಲ್ಲಿ ಅದು ಆನ್ ಇತ್ತು, ಆ ಕಂಪನಿಯ ಸಾಫ್ಟ್‌ವೇರ್ ಮಾತ್ರ ಕ್ಯಾರೇ ಅನ್ನಲಿಲ್ಲ. ಹಾಗಾಗಿ ಆ ಅಪ್‌ಡೇಟ್ ಸಾಫ್ಟ್‌ವೇರನ್ನೇ ಪೂರ್ತಿ ತೆಗೆದುಹಾಕಿದ್ದೇನೆ. ಬಯೋಸ್ ಬೇಕಾದಾಗ ಕಂಪನಿಯ ವೆಬ್‌ಸೈಟಿನಿಂದ ನಾನೇ ಇಳಿಸಿಕೊಳ್ಳುತ್ತೇನೆ. ತಲೆನೋವಿನ ಕೆಲಸ, ಆದರೂ ಸರಿ. ವಿಂಡೋಸ್‌ನ ಭದ್ರತಾ ಅಪ್‌ಡೇಟ್ ಮಾತ್ರ ನಿಲ್ಲಿಸಬೇಡಿ, ರಿಪೇರಿಯವರು ಎಷ್ಟೇ ಹೇಳಲಿ.

1915ಕ್ಕೆ ದೂರು ಕೊಟ್ಟಿದ್ದೇನೆ, ನಂಬರ್ ಬಂದಿದೆ. ಬಾಣ ಬಿಡಿಸುವ ಮುಂಚಿನ, ಬಿಡಿಸಿದ ಮೇಲಿನ ಸ್ಕ್ರೀನ್‌ಶಾಟ್ ಎರಡನ್ನೂ ಕೊಟ್ಟಿದ್ದೇನೆ. ನಾನು ಕೇಳಿರುವುದು ದುಡ್ಡಲ್ಲ. ಊರಿನವರ ದಾಖಲೆಗಳನ್ನು ಅಳಿಸಿದ್ದೇವೆ ಅಂತ ಲಿಖಿತವಾಗಿ ಕೊಡಬೇಕು, ಆ ಟಿಕ್ ತೆಗೆಯಬೇಕು. ಕಂಪನಿಯಿಂದ ಇನ್ನೂ ಉತ್ತರ ಇಲ್ಲ. ನಿಮ್ಮ ಲ್ಯಾಪ್‌ಟಾಪ್‌ನಲ್ಲೂ ಇಂಥ ಸಾಲು ಕಂಡರೆ ಟಿಕ್ ತೆಗೆಯುವ ಮುಂಚೆ ಫೋಟೋ ತೆಗೆದುಕೊಂಡು ನೀವೂ ದೂರು ಕೊಡಿ. ನನ್ನೊಬ್ಬಳ ದೂರನ್ನು 'ಬಗೆಹರಿದಿದೆ' ಅಂತ ಮುಚ್ಚುವುದು ಅವರಿಗೆ ಸುಲಭ.